ಪಾಯಿಂಟ್ ಎರಡೆರಡು

ಮೂರನೆಯ ಗುಂಡು ಸಾಬೂನಿನ ನಡುವಿಗೆ ಬಡಿಯಿತು. ಹಳದಿ ಸಾಬೂನು ಎರಡು ತುಂಡಾಗಿ, ಕಲ್ಲಿನ ಮೇಲಿನಿಂದ ಉರುಳಿ ಕೆಸರಿಗೆ ಬಿತ್ತು.

“ಇದು ದಪ್ಪದ್ದು,” ಎಂದ ಕರುಣಾಕರ. “ಈಗ ಸಪೂರದ್ದು ನೋಡಿ.”

ಕೈಯಲ್ಲಿದ್ದ ಏರ್‌ಗನ್ನನ್ನು ಚಕ್ರವಿಲ್ಲದ ಸೈಕಲ್ಲೊಂದಕ್ಕೆ ಒರಗಿಸಿ ಇನ್ನೊಂದನ್ನು ಎತ್ತಿಕೊಂಡ. ನಳಿಗೆಯನ್ನು ಮೊಣಕಾಲಿಗೆ ಒತ್ತಿ ಮಡಚಿದ, ಹೆಬ್ಬೆರಳಿನಿಂದ ಗುಂಡು ತೂರಿಸಿದ, ಮತ್ತೆ ನೆಟ್ಟಗೆ ಮಾಡಿದ. ದೇಜಪ್ಪ ಹೊಸ ಸಾಬೂನೊಂದನ್ನು ಕಲ್ಲಿನ ಮೇಲೆ ನಿಲ್ಲಿಸಿ ಬದಿಗೆ ಓಡಿದ. ಟಪ್ಪೆಂದು ಸದ್ದಾಯಿತು. ಸಾಬೂನು ಅಲುಗಲಿಲ್ಲ.

“ತಪ್ಪಿತು,” ಎಂದ ದೇಜಪ್ಪ.

“ತಪ್ಪಿದ್ದು ನಿಮ್ಮ ಕಣ್ಣಿಗೆ. ಹೋಗಿ ನೋಡಿ.”

ಲಿಯೋನೆಲ್ ಹೋಗಿ ನೋಡಿದ. ಸಾಬೂನಿನಲ್ಲಿ ಪೆನ್ಸಿಲ್ ಮೊನೆ ಚುಚ್ಚಿದಂತೆ ಒಂದು ತೂತು. ಹಿಂಬದಿಯಲ್ಲಿ ಸ್ವಲ್ಪ ಉಬ್ಬು. ಗುಂಡು ಅಲ್ಲಿಯವರೆಗೆ ಹೋಗಿ, ಹೊರಗೆ ಬರಲೋ ಬೇಡವೋ ಎಂದು ಯೋಚಿಸುತ್ತ ನಿಂತಂತಿತ್ತು.

ಹಿರಿಯಡ್ಕದ ಪೇಟೆಯಲ್ಲಿ ಕರುಣಾಕರನ ಸೈಕಲ್ ಶಾಪಿನ ಹಿಂದಿನ ಅಂಗಳ ಅದು. ಮಳೆ ಬಿಟ್ಟು ಒಂದು ಗಂಟೆಯಾಗಿತ್ತು. ಗೇರು ತೋಟದವರ ಏರ್‌ಗನ್ನುಗಳಿಗೆ ಚರ್ಮದ ವಾಷರ್ ಹಾಕಿಕೊಡುತ್ತಲೇ ಕರುಣಾಕರನ ಬಳಿ ಎರಡು ಉಳಿದುಬಿಟ್ಟಿದ್ದವು. ಒಂದನ್ನು ಹಬ್ಬ ಮುಗಿಯುವ ತನಕ ಲಿಯೋನೆಲನಿಗೆ ಕೊಡಲು ಒಪ್ಪಿದ್ದ. ಯಾವುದನ್ನು ಎಂಬುದೊಂದೇ ಬಾಕಿ.

“ಸಪೂರದ್ದು ಪಾಯಿಂಟ್ ಒಂದು ಏಳು ಏಳು. ದಪ್ಪದ್ದು ಪಾಯಿಂಟ್ ಎರಡು ಎರಡು,” ಎಂದ ಕರುಣಾಕರ.

ದೇಜಪ್ಪ ತಲೆ ಕೆರೆದುಕೊಂಡ. ಅವನು ಲಿಯೋನೆಲನ ಪಕ್ಕದ ಗದ್ದೆಯವನು, ಐವತ್ತು ದಾಟಿದವನು, ಯಾವ ಮಾತನ್ನೂ ತಾನೊಮ್ಮೆ ಅಗಿದು ನೋಡದೆ ನುಂಗದವನು. “ನೂರ ಎಪ್ಪತ್ತೇಳು ದೊಡ್ಡದಾ, ಇಪ್ಪತ್ತೆರಡು ದೊಡ್ಡದಾ?”

“ಎದುರಿಗೆ ಒಂದು ಬೊಟ್ಟು ಉಂಟು ಮಾರಾಯ್ರೇ.”

“ಬೊಟ್ಟು ಇಟ್ಟ ಕೂಡಲೇ ದೊಡ್ಡದು ಸಣ್ಣದಾಗುತ್ತದಾ?”

“ಶಾಲೆಗೆ ಹೋಗಿದ್ದರೆ ಆಗುತ್ತಿತ್ತು,” ಎಂದು ಹೇಳಿ ಕರುಣಾಕರ ಲಿಯೋನೆಲನ ಕಡೆಗೆ ತಿರುಗಿದ. “ಇಲಿ, ಮುಂಗುಸಿಗಾದರೆ ದಪ್ಪದ್ದು. ಹೋಗುವುದು ನಿಧಾನ, ಆದರೆ ಪೆಟ್ಟು ಜೋರು. ಹಕ್ಕಿಗೆ ಸಪೂರದ್ದು ಸಾಕು. ನೇರ ಹೋಗುತ್ತದೆ. ನಿಮಗೆ ಯಾವುದಕ್ಕೆ ಪೊರ್ಬುಗಳೇ?” ಆ ಕಡೆ ಕ್ರೈಸ್ತರನ್ನು ಮರ್ಯಾದೆಯಿಂದ ಕರೆಯುವುದೇ ಹಾಗೆ.

“ಗಿಳಿಗೆ.”

“ಹಾಗಾದರೆ ಸಪೂರದ್ದು. ಮುಗಿಯಿತು.”

“ಆದರೆ ಗಿಳಿ ಸಾಯಬಾರದು,” ಎಂದ ಲಿಯೋನೆಲ್.

ಕರುಣಾಕರ ಎಣ್ಣೆ ಬಟ್ಟೆಯಲ್ಲಿ ಕೈ ಒರೆಸುವುದನ್ನು ನಿಲ್ಲಿಸಿದ. “ಹೆದರಿಸುವುದಕ್ಕೆ ಒಂದು ನಂಬರ್, ಕೊಲ್ಲುವುದಕ್ಕೆ ಒಂದು ನಂಬರ್ ಅಂತ ಕಂಪನಿಯವರು ಮಾಡುವುದಿಲ್ಲ ಪೊರ್ಬುಗಳೇ. ಎರಡೂ ಕೊಲ್ಲುವುದೇ.”

ಲಿಯೋನೆಲನಿಗೆ ಅದು ಗೊತ್ತಿತ್ತು. ಷರತ್ತು ಅವನದಲ್ಲ, ಅವನ ತಾಯಿಯದು.

ಸೆಪ್ಟೆಂಬರ್ ಎಂಟಕ್ಕೆ ಮೊಂತಿ ಹಬ್ಬ. ಬಾಲೆ ಮರಿಯಮ್ಮನ ಹಬ್ಬ, ಹೊಸ ತೆನೆಯ ಹಬ್ಬ. ಅದಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ಮರಿಯಮ್ಮನ ಮೂರ್ತಿಗೆ ಹೂ ತಂದು ಸುರಿಯುತ್ತಾರೆ. ಹಬ್ಬದ ದಿನ ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆಗಳನ್ನು ಮನೆಮನೆಗೆ ಹಂಚುತ್ತಾರೆ. ಆ ಅಕ್ಕಿಯನ್ನು ಪಾಯಸಕ್ಕೆ ಹಾಕಿ ಮನೆಯವರೆಲ್ಲ ಒಟ್ಟಿಗೆ ಕುಳಿತು ಉಣ್ಣುತ್ತಾರೆ. ಆ ತೆನೆಯನ್ನು ಪ್ರತಿ ವರ್ಷ ಒಂದು ಮನೆಯ ಗದ್ದೆ ಕೊಡಬೇಕು. ಯಾವ ಮನೆ ಕೊಡುತ್ತದೋ ಆ ಮನೆಯ ಹೆಂಗಸು ಮೊದಲ ಕಟ್ಟನ್ನು ಹಿಡಿದು ಮೆರವಣಿಗೆಯಲ್ಲಿ ಮೂರ್ತಿಯ ಹಿಂದೆ ನಡೆಯುತ್ತಾಳೆ.

ಲಿಯೋನೆಲನ ತಾಯಿ ಕಾನ್ಸೆಪ್ಟಾ ಒಮ್ಮೆಯೂ ಹಾಗೆ ನಡೆದವಳಲ್ಲ. ಹನ್ನೆರಡು ವರ್ಷದ ಹಿಂದೆ, ೧೯೭೦ರಲ್ಲಿ, ಅವರ ಸರದಿ ಬಂದಿತ್ತು. ಅದೇ ವರ್ಷ ಅವಳ ಗಂಡ ಬೆಂಜಮಿನ್ ಕಾಲುದಾರಿಯೊಂದರ ವಿಷಯದಲ್ಲಿ ಆಗಿನ ಗುರ್ಕಾರನೊಂದಿಗೆ, ಅಂದರೆ ವಾಡೆ ಎನ್ನುವ ಇಗರ್ಜಿ ವಾರ್ಡಿನ ಮುಖಂಡನೊಂದಿಗೆ, ಜಗಳವಾಡಿದ. ಸರದಿ ಆಚೆ ಮನೆಗೆ ಹೋಯಿತು. ಮರುವರ್ಷ ಅದರಾಚೆಗೆ. ಹೀಗೇ ಹನ್ನೆರಡು ವರ್ಷ ಕಾನ್ಸೆಪ್ಟಾ ಬೇರೆಯವರ ಹೆಂಡಂದಿರು ತೆನೆ ಹಿಡಿದು ನಡೆಯುವುದನ್ನು ಬದಿಯಲ್ಲಿ ನಿಂತು ನೋಡಿದಳು. ಬೆಂಜಮಿನ್ ತೀರಿಕೊಂಡ. ಗುರ್ಕಾರ ಬದಲಾದ. ಹೊಸ ಗುರ್ಕಾರ ರೊಸಾರಿಯೊ ಈ ಮೇ ತಿಂಗಳಲ್ಲಿ ಮನೆಗೆ ಬಂದು ಚಾವಡಿಯಲ್ಲಿ ಕುಳಿತು, “ಈ ಸಲ ನಿಮ್ಮ ಗದ್ದೆ,” ಎಂದಿದ್ದ. ಕಾನ್ಸೆಪ್ಟಾ ಒಳಗೆ ಹೋಗಿ, ಚಹಾ ಮಾಡಲು ಬೇಕಾಗುವುದಕ್ಕಿಂತ ಬಹಳ ಹೆಚ್ಚು ಹೊತ್ತು ಒಳಗೇ ಇದ್ದಳು.

ಹತ್ತು ಸೆಂಟ್ಸಿನ ಗದ್ದೆಗೆ ಬಾವಿಯ ನೀರು ಬಿಟ್ಟು ಎಲ್ಲರಿಗಿಂತ ಮೊದಲು ನೇಜಿ ನೆಟ್ಟರು. ತೆನೆ ಚೆನ್ನಾಗಿಯೇ ಬಂತು. ತೊಂದರೆ ಬಂದದ್ದೂ ಅದರಿಂದಲೇ. ಊರಿನ ಗದ್ದೆಗಳೆಲ್ಲ ಇನ್ನೂ ಹುಲ್ಲಿನಂತೆ ಹಸಿರಾಗಿರುವಾಗ ಇದೊಂದೇ ಹಳದಿಗೆ ತಿರುಗಿ ನಿಂತಿತು. ಸುತ್ತಲಿನ ಗಿಳಿಗಳಿಗೆಲ್ಲ ಹೋಗಲು ಬೇರೆ ಜಾಗವೇ ಇರಲಿಲ್ಲ. ಗಿಳಿ ಒಂದೊಂದು ಕಾಳು ತಿನ್ನುವುದಿಲ್ಲ; ಇಡೀ ತೆನೆಯನ್ನು ಕತ್ತರಿಸಿ ಕೊಕ್ಕಿನಲ್ಲಿ ಹಿಡಿದು ಹಾರುತ್ತದೆ. ಅದೂ ತೆನೆ ಹಂಚಲು ಹೊರಟಂತೆ.

ಏರ್‌ಗನ್ ತರುತ್ತೇನೆ ಎಂದಾಗ ಕಾನ್ಸೆಪ್ಟಾ ಹೇಳಿದ್ದು ಒಂದೇ ಮಾತು. “ಈ ಒಂಬತ್ತು ದಿನ ನಾನು ಮನೆಯಲ್ಲಿ ಮೀನು ಕೂಡ ಬೇಯಿಸುವುದಿಲ್ಲ ಪುತಾ. ಆ ಗದ್ದೆಯಲ್ಲಿ ರಕ್ತ ಬೀಳಬಾರದು. ರಕ್ತ ಬಿದ್ದ ತೆನೆ ನನ್ನ ಕೈಯಲ್ಲಿ ಬೇಡ.”

ಇದನ್ನೆಲ್ಲ ಲಿಯೋನೆಲ್ ಚಿಕ್ಕದು ಮಾಡಿ ಹೇಳಿದ. ಕರುಣಾಕರ ಎರಡೂ ಏರ್‌ಗನ್ನುಗಳನ್ನು ನೋಡಿದ, ಅವೇ ಏನಾದರೂ ಹೇಳಬಹುದೆಂಬಂತೆ.

“ಹಗ್ಗ ಕಟ್ಟಿ ಡಬ್ಬಿ ಬಡಿಯಬಹುದಲ್ವಾ?”

“ಬಡಿದೆವು. ಹಗ್ಗ ಎಳೆದರೆ ಮೊದಲು ಕಂಬ ಅಲ್ಲಾಡುತ್ತದೆ. ಗಿಳಿ ನೋಡಿ ಕಲಿತುಬಿಟ್ಟಿತು,” ಎಂದ ದೇಜಪ್ಪ. “ಬೊಟ್ಟಿನ ಲೆಕ್ಕ ನನಗಿಂತ ಮೊದಲು ಅದಕ್ಕೆ ಬರುತ್ತದೆ.”

ಅಂಗಳದ ಮೂಲೆಯಲ್ಲಿ ಒಂದು ಖಾಲಿ ಸೀಮೆಎಣ್ಣೆ ಡಬ್ಬಿ ಬಿದ್ದಿತ್ತು. ಲಿಯೋನೆಲ್ ಅದನ್ನು ಸ್ವಲ್ಪ ಹೊತ್ತು ನೋಡಿದ. ಎತ್ತಿ ತಂದು ಪೇರಳೆ ಗಿಡದ ಗೆಲ್ಲಿಗೆ ನೇತುಹಾಕಿದ.

“ಇದಕ್ಕೆ ಹೊಡೆಯಿರಿ. ಎರಡರಿಂದಲೂ.”

ಸಪೂರ ಗುಂಡು ಡಬ್ಬಿಯ ಒಂದು ಬದಿಯಲ್ಲಿ ಹೊಕ್ಕು ಒಳಗೆ ಗಿಲಿಗಿಲಿ ಎಂದು ಉರುಳಿ ಸುಮ್ಮನಾಯಿತು. ದಪ್ಪ ಗುಂಡು ತೂತು ಮಾಡಲಿಲ್ಲ. ತಗಡನ್ನು ಒಳಗೆ ತಗ್ಗಿಸಿ ಢಣಾರೆಂದು ಬಡಿಯಿತು. ಆಚೆ ಹುಣಸೆ ಮರದಲ್ಲಿದ್ದ ಕಾಗೆಗಳೆಲ್ಲ ಎದ್ದವು. ರಸ್ತೆಯಲ್ಲಿ ಹೋಗುತ್ತಿದ್ದವನೊಬ್ಬ ಸೈಕಲ್ ನಿಲ್ಲಿಸಿ ಒಳಗೆ ಇಣುಕಿದ.

“ದಪ್ಪದ್ದು,” ಎಂದ ಲಿಯೋನೆಲ್.

“ಗಿಳಿಗೆ ಸಪೂರದ್ದು, ಡಬ್ಬಿಗೆ ದಪ್ಪದ್ದು,” ಎಂದ ಕರುಣಾಕರ. “ನಲವತ್ತು ವರ್ಷಕ್ಕೆ ಹೊಸ ವಿಷಯ ಕಲಿತೆ. ದೂರದಿಂದ ಹೊಡೆಯುವಾಗ ಸ್ವಲ್ಪ ಮೇಲೆ ಹಿಡಿಯಿರಿ. ಇದರ ಗುಂಡು ಇಳಿಯುತ್ತದೆ.”

ಮೂರು ದಿನ ಅದು ಚೆನ್ನಾಗಿ ನಡೆಯಿತು. ಗದ್ದೆಯ ನಡುವೆ ಕಂಬ, ಕಂಬಕ್ಕೆ ಡಬ್ಬಿ. ಲಿಯೋನೆಲ್ ದನದ ಹಟ್ಟಿಯ ಗೋಡೆಯ ಹಿಂದೆ ಕುಳಿತು ಗಿಳಿಗಳು ಇಳಿಯುವವರೆಗೆ ಕಾಯುತ್ತಿದ್ದ. ಇಳಿದ ಕೂಡಲೇ ಢಣ್. ಕಾರಣವಿಲ್ಲದ ಸದ್ದು. ಯಾರೂ ಕಾಣುವುದಿಲ್ಲ, ಏನೂ ಅಲ್ಲಾಡುವುದಿಲ್ಲ, ಡಬ್ಬಿ ತಾನಾಗಿ ಕೂಗುತ್ತದೆ. ಹಸಿರು ಗುಂಪು ಗಲಾಟೆ ಮಾಡುತ್ತ ಎದ್ದು ತೋಡಿನಾಚೆಯ ಮಾವಿನ ಮರಕ್ಕೆ ಹೋಗುತ್ತಿತ್ತು. ಕಾನ್ಸೆಪ್ಟಾ ಚಾವಡಿಯಿಂದ ಕೇಳುತ್ತಿದ್ದಳು, “ಡಬ್ಬಿಗೇ ತಾನೇ?”

“ಡಬ್ಬಿಗೇ ಮಾಂಯ್.”

ಸದ್ದೇ ಉತ್ತರ ಕೊಡುತ್ತಿದ್ದರೂ ಅವಳು ಪ್ರತಿ ಸಲ ಕೇಳುತ್ತಿದ್ದಳು. ಅವನೂ ಪ್ರತಿ ಸಲ ಹೇಳುತ್ತಿದ್ದ.

ಕರುಣಾಕರ ಕೊಟ್ಟಿದ್ದ ಗುಂಡುಗಳು ಮುಗಿಯುತ್ತ ಬಂದವು. ದೇಜಪ್ಪ ಆದಿ ಉಡುಪಿಯ ಮಾರ್ಕೆಟ್ ಯಾರ್ಡಿಗೆ ತೆಂಗಿನಕಾಯಿ ಒಯ್ಯುವವನಿದ್ದ. ಬಸ್ಸಿನ ಸದ್ದಿನ ನಡುವೆ ಲಿಯೋನೆಲ್ ಕೂಗಿ ಹೇಳಿದ, “ಉಡುಪಿಯಲ್ಲಿ ಗುಂಡು ಕೇಳಿ. ನಂಬರ್ ಮರೆಯಬೇಡಿ. ಎರಡು ಎರಡು.”

ಸಂಜೆ ದೇಜಪ್ಪ ಚಾವಡಿಯ ಮೇಲೆ ನಾಲ್ಕು ಸಣ್ಣ ಡಬ್ಬಿಗಳನ್ನು ಸಾಲಾಗಿ ಇಟ್ಟ. ಎರಡರ ಮೇಲೆ ೨೨ ಎಂದಿತ್ತು. ಇನ್ನೆರಡರ ಮೇಲೆ ೧೭೭.

“ಇದೆಂತ?” ಎಂದ ಲಿಯೋನೆಲ್.

“ನೀವು ಹೇಳಿದ್ದೇ. ಎರಡೆರಡು.”

“ನಾನು ಹೇಳಿದ್ದು ನಂಬರ್ ಮಾರಾಯ್ರೇ.”

“ನಂಬರೇ ಹೇಳಿದೆ ನಾನು. ಅಂಗಡಿಯವ ಕೇಳಿದ, ಸಪೂರದ್ದಾ ದಪ್ಪದ್ದಾ ಅಂತ. ಎರಡೆರಡು ಅಂದೆ. ಅವ ಇದರಲ್ಲಿ ಎರಡು, ಅದರಲ್ಲಿ ಎರಡು ತೆಗೆದಿಟ್ಟ. ಇಷ್ಟು ನೇರ ಲೆಕ್ಕ ನಾನು ನೋಡಿರಲಿಲ್ಲ, ಬೊಟ್ಟು ಗಿಟ್ಟು ಎಂತದೂ ಇಲ್ಲ ಅಂತ ಖುಷಿಯಾಯಿತು.”

ಕಾನ್ಸೆಪ್ಟಾ ನಕ್ಕಳು. ಲಿಯೋನೆಲನೂ ನಕ್ಕ. ಸಪೂರದ ಎರಡು ಡಬ್ಬಿಗಳನ್ನು ಕಿಟಕಿಯ ದಂಡೆಯ ಮೇಲೆ ಇಟ್ಟ. ಅವು ಅಲ್ಲೇ ಇದ್ದವು. ಊಟಕ್ಕೆ ಕುಳಿತಾಗಲೂ ಅವನಿಗೆ ಕಾಣುತ್ತಿದ್ದವು.

ನಾಲ್ಕನೆಯ ದಿನ ಡಬ್ಬಿ ಕೂಗಿದಾಗ ಅರ್ಧದಷ್ಟು ಗಿಳಿಗಳು ಮಾತ್ರ ಎದ್ದವು. ಐದನೆಯ ದಿನ ಒಂದು ಗಿಳಿ ಕಂಬದ ತುದಿಯಲ್ಲೇ ಕುಳಿತಿತು. ಒಂದು ಕಾಲಿನಲ್ಲಿ ತೆನೆ ಹಿಡಿದು ಕಾಳು ಸುಲಿಯುತ್ತಿತ್ತು. ಲಿಯೋನೆಲ್ ಹೊಡೆದ. ಕಾಲ ಕೆಳಗೇ ಡಬ್ಬಿ ಬಡಿದುಕೊಂಡಿತು. ಗಿಳಿ ಒಂದು ಗೇಣು ಹಾರಿ, ಮತ್ತೆ ಅಲ್ಲೇ ಕುಳಿತು, ತಲೆ ವಾಲಿಸಿ ತಗಡಿನ ತಗ್ಗನ್ನು ನೋಡಿತು.

ಅದೇ ದಿನ ಗುರ್ಕಾರ ರೊಸಾರಿಯೊ ಬಂದ. ಬದುವಿನ ಮೇಲೆ ನಡೆಯುತ್ತ, ತಲೆ ಕಡಿದ ದಂಟುಗಳನ್ನು ಎಣಿಸುವವನಂತೆ ನೋಡಿದ. ಒಳ್ಳೆಯ ಮನುಷ್ಯ, ಕೆಟ್ಟ ಸುದ್ದಿಯನ್ನು ಸಣ್ಣ ದನಿಯಲ್ಲಿ ಹೇಳುವವನು.

“ನೂರ ಎಂಬತ್ತು ಮನೆ ಉಂಟು ನಮ್ಮಲ್ಲಿ. ಮನೆಗೆ ಮೂರು ತೆನೆಯಾದರೂ ಬೇಕಲ್ವಾ.”

“ಗುರ್ಕಾರರೇ, ನೀವೇ ಒಂದು ಹೊಡೆದು ನೋಡಿ,” ಎಂದು ದೇಜಪ್ಪ ಏರ್‌ಗನ್ ಮುಂದೆ ಹಿಡಿದ. “ಗುರ್ಕಾರರಿಗೆ ಗುರಿ ಬಾರದೆ ಹೇಗೆ?”

ರೊಸಾರಿಯೊ ನಗುತ್ತ ಕೈ ಅಡ್ಡ ಮಾಡಿದ. ಹೊರಡುವಾಗ ಲಿಯೋನೆಲನ ಭುಜ ಮುಟ್ಟಿ ಹೇಳಿದ, “ಬೇಸರ ಮಾಡಬೇಡ. ಹೂಡೆಯಲ್ಲಿ ನನ್ನ ತಂಗಿಯ ಮನೆಯವರದ್ದೂ ಬೆಳೆದಿದೆ. ಎರಡು ದಿನ ನೋಡುವ. ಆಗದಿದ್ದರೆ ಅಲ್ಲಿಂದ ತರಿಸುತ್ತೇನೆ.”

ಹೂಡೆಯಿಂದ ತೆನೆ ಬಂದರೆ ಮೊದಲ ಕಟ್ಟು ಹಿಡಿಯುವುದು ಹೂಡೆಯವಳು. ಅದನ್ನು ರೊಸಾರಿಯೊ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಚಾವಡಿಯ ಬಾಗಿಲಲ್ಲಿ ಕಾನ್ಸೆಪ್ಟಾ ನಿಂತಿದ್ದಳು. ಮಾತು ಕೇಳಿಸಿತೋ ಇಲ್ಲವೋ, ಒಳಗೆ ಹೋದಳು. ಹಿಂದಿನ ದಿನವಷ್ಟೇ ಅವಳು ಪೆಟ್ಟಿಗೆಯಿಂದ ತೆಗೆದ ಬಿಳಿ ಸೀರೆ ಒಳಗಿನ ಹಗ್ಗದ ಮೇಲೆ ನುಸಿಗುಳಿಗೆಯ ವಾಸನೆ ಆರಲೆಂದು ನೇತಾಡುತ್ತಿತ್ತು. ಅದರ ಮಡಿಕೆಗಳು ಹನ್ನೆರಡು ವರ್ಷದಲ್ಲಿ ಗೆರೆಗಳಾಗಿದ್ದವು.

ಲಿಯೋನೆಲ್ ಸೈಕಲ್ ಹತ್ತಿ ಹಿರಿಯಡ್ಕಕ್ಕೆ ಹೋದ.

“ಸಪೂರದ್ದೂ ಬೇಕಿತ್ತು,” ಎಂದ.

ಕರುಣಾಕರ ಟ್ಯೂಬೊಂದನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದ. “ಡಬ್ಬಿಗಾ?”

“ಡಬ್ಬಿಗೆ.”

ಕರುಣಾಕರ ಅವನ ಮುಖ ನೋಡಲಿಲ್ಲ. ಒಳಗೆ ಹೋಗಿ ತಂದುಕೊಟ್ಟ. “ಇದನ್ನು ಮೇಲೆ ಹಿಡಿಯುವುದು ಬೇಡ,” ಎಂದಷ್ಟೇ ಹೇಳಿದ. “ನೇರ ನೋಡಿ, ನೇರ ಹೊಡೆಯಿರಿ.”

ಮನೆಯಲ್ಲಿ ಕಾನ್ಸೆಪ್ಟಾ ಎರಡನೆಯ ಏರ್‌ಗನ್ ನೋಡಿ ಕೇಳಿದಳು, “ಇದು ಯಾವುದಕ್ಕೆ?”

“ದೇಜಪ್ಪಣ್ಣ ಸಪೂರದ ಗುಂಡು ತಂದಿದ್ದಾರಲ್ಲ. ಸುಮ್ಮನೆ ಹಾಳಾಗುತ್ತದೆ.”

ಆ ಮಾತಿನಲ್ಲಿ ಒಂದು ಶಬ್ದವೂ ಸುಳ್ಳಾಗಿರಲಿಲ್ಲ. ಅದನ್ನು ಅವನು ಹೇಳಿದ ಕೂಡಲೇ ಗಮನಿಸಿದ. ಅವಳು ತಲೆಯಾಡಿಸಿದಳು.

ಮರುದಿನ ಬೆಳಿಗ್ಗೆ ಅವಳು ಒಂಬತ್ತು ದಿನದ ನೊವೆನಾ ಪ್ರಾರ್ಥನೆಗೆಂದು ಇಗರ್ಜಿಗೆ ಹೋದಳು. ಲಿಯೋನೆಲ್ ಗೋಡೆಯ ಹಿಂದೆ ಕುಳಿತ. ಗಿಳಿ ಬಂದು ಕಂಬದ ತುದಿಯಲ್ಲಿ ಕುಳಿತಿತು, ನಿನ್ನೆಯದೇ ಇರಬೇಕು. ಅವನು ನೇರ ನೋಡಿದ, ನೇರ ಹೊಡೆದ. ತಗಡಿನ ಸದ್ದಿಗೆ ಹೊಂದಿಕೊಂಡಿದ್ದ ಅವನ ಕಿವಿ ಒಂದು ಢಣಾರಕ್ಕಾಗಿ ಕಾಯಿತು. ಏನೂ ಕೇಳಿಸಲಿಲ್ಲ. ಗಿಳಿ ಹಿಂದಕ್ಕೆ ವಾಲಿ ತೆನೆಗಳ ನಡುವೆ ಇಳಿಯಿತು. ಕೆಲವು ತೆನೆಗಳು ಅಲ್ಲಾಡಿ ನಿಂತವು.

ಅವನಿಗೆ ಯಾವುದೋ ಅರ್ಜಿಗೆ ಸಹಿ ಹಾಕಿ ಹೊರಬಂದಂತೆ ಅನಿಸಿತು. ಗದ್ದೆಗೆ ಇಳಿದು ಅದನ್ನು ಎತ್ತಿಕೊಂಡ. ಒಂದು ಬಾಳೆಹೂವಿನ ಎಸಳಿನಷ್ಟೂ ಭಾರವಿರಲಿಲ್ಲ. ಮನೆಗೆ ಕಾಣದ ಆಚೆ ಬದುವಿನಲ್ಲಿ ಕೋಲು ನೆಟ್ಟು, ಬಾಳೆನಾರಿನಿಂದ ಕಾಲು ಕಟ್ಟಿ ತಲೆಕೆಳಗಾಗಿ ನೇತುಹಾಕಿದ. ಉಳಿದ ಗಿಳಿಗಳು ಬಂದವು, ಅದರ ಮೇಲೆ ಎರಡು ಸುತ್ತು ಕಿರುಚುತ್ತ ಹಾರಿದವು, ಹೋದವು. ಸಂಜೆ ಬರಲಿಲ್ಲ. ಮರುದಿನವೂ ಬರಲಿಲ್ಲ.

“ಡಬ್ಬಿ ಕೆಲಸ ಮಾಡಿತು,” ಎಂದಳು ಕಾನ್ಸೆಪ್ಟಾ ಆ ಮಧ್ಯಾಹ್ನ. ಬಹಳ ದಿನಗಳ ನಂತರ ಅವಳು ಎರಡನೆಯ ಸಲ ಗಂಜಿ ಬಡಿಸಿಕೊಂಡಳು. ಲಿಯೋನೆಲ್ “ಹೂಂ” ಎಂದ.

ಹಬ್ಬಕ್ಕೆ ಎರಡು ದಿನ ಇರುವಾಗ ಅವಳು ಹೂ ಕೊಯ್ಯಲು ಬುಟ್ಟಿ ಹಿಡಿದು ಹೊರಟಳು. ಹತ್ತಿರದ ಬದುವಿನ ಹೂಗಳನ್ನೆಲ್ಲ ವಾಡೆಯ ಮಕ್ಕಳು ಖಾಲಿ ಮಾಡಿದ್ದರು. ಅವಳು ಆಚೆ ಬದುವಿಗೆ ಹೋಗುತ್ತಿರುವುದನ್ನು ಲಿಯೋನೆಲ್ ಬಾವಿಕಟ್ಟೆಯಿಂದ ನೋಡಿದ. ಕರೆಯಬಹುದಿತ್ತು. ಕರೆದು ಏನು ಹೇಳುವುದೆಂದು ಯೋಚಿಸುವಷ್ಟರಲ್ಲಿ ಅವಳು ಕೋಲಿನ ಮುಂದೆ ನಿಂತಿದ್ದಳು.

ಅವಳು ಬೇಗನೆ ತಿರುಗಿ ಬರಲಿಲ್ಲ. ಬುಟ್ಟಿ ತುಂಬುವಷ್ಟು ಹೂ ಕೊಯ್ದೇ ಬಂದಳು. ಬಾವಿಕಟ್ಟೆಯ ಮೇಲೆ ಬುಟ್ಟಿ ಇಟ್ಟಳು.

“ಅದು ಡಬ್ಬಿಯಾ?” ಎಂದು ಕೇಳಿದಳು.

ಲಿಯೋನೆಲ್ ಬಾವಿಯ ಹಗ್ಗವನ್ನು ಕೈಗೆ ಸುತ್ತಿಕೊಂಡ. “ಒಂದೇ ಮಾಂಯ್. ಇಲ್ಲದಿದ್ದರೆ ಹೂಡೆಯಿಂದ ತರಿಸುತ್ತಿದ್ದರು.”

“ತರಿಸಲಿ ಅಂತ ಹೇಳುತ್ತಿದ್ದೆನೋ ಏನೋ. ನೀನು ಕೇಳಲಿಲ್ಲ.”

“ನಿಮಗೋಸ್ಕರವೇ ಅಲ್ವಾ ನಾನು...”

“ಅದು ಗೊತ್ತುಂಟು.” ಅವಳ ದನಿ ಏರಲಿಲ್ಲ. “ಹನ್ನೆರಡು ವರ್ಷ ಕಾದವಳು ಇನ್ನೊಂದು ವರ್ಷ ಕಾಯುವುದಿಲ್ಲ ಅಂತ ಎಣಿಸಿದೆಯಾ? ಹೋಗಿ ಅದನ್ನು ಇಳಿಸು. ಮಣ್ಣು ಮಾಡು.”

ಅವನು ಇಳಿಸಿದ, ಹೂತ. ತಿರುಗಿ ಬಂದಾಗ ಅವಳು ತಟ್ಟೆಗೆ ಗಂಜಿ ಹಾಕಿ, ಪಕ್ಕದಲ್ಲಿ ಉಪ್ಪಿನಕಾಯಿ ಇಟ್ಟಿದ್ದಳು. ಎಂದಿನಂತೆಯೇ. ಅದರ ಬಗ್ಗೆ ಮತ್ತೆ ಮಾತಾಡಲಿಲ್ಲ. ಲಿಯೋನೆಲನಿಗೆ ವಿಷಯ ಮುಗಿಯಿತೆಂದು ಅನಿಸಿತು. ಎರಡೂ ಏರ್‌ಗನ್ನುಗಳನ್ನು ಗೋಣಿಯಲ್ಲಿ ಸುತ್ತಿ ಕರುಣಾಕರನಿಗೆ ಮುಟ್ಟಿಸಿ ಬಂದ.

ಏಳನೆಯ ತಾರೀಕು ಮಧ್ಯಾಹ್ನ ರೊಸಾರಿಯೊ ಇಬ್ಬರು ಯುವಕರನ್ನು ಕರೆದುಕೊಂಡು, ಹೊಸ ಬುಟ್ಟಿಗಳೊಂದಿಗೆ ಬಂದ. ಗದ್ದೆ ನೋಡಿ ಅವನ ಮುಖ ಅರಳಿತು. ಕೊಯ್ಲು ಮುಗಿಯಲು ಒಂದು ಗಂಟೆಯೂ ಬೇಕಾಗಲಿಲ್ಲ. ಮೂರು ಬುಟ್ಟಿ ತುಂಬಿ ಇನ್ನೂ ಉಳಿಯಿತು.

“ನೂರ ಎಂಬತ್ತಲ್ಲ, ಇನ್ನೂರು ಮನೆಗೆ ಸಾಕು,” ಎಂದ. “ಎಂತ ಮಂತ್ರ ಹಾಕಿದಿರಿ ಗಿಳಿಗಳಿಗೆ?”

ದೇಜಪ್ಪ ಕಾನ್ಸೆಪ್ಟಾಳನ್ನೊಮ್ಮೆ ನೋಡಿ, ಬಗ್ಗಿ ಬುಟ್ಟಿಯ ತೆನೆಗಳನ್ನು ಸರಿಪಡಿಸಿದ.

ರೊಸಾರಿಯೊ ಚಾವಡಿಯ ಮೆಟ್ಟಿಲ ಮೇಲೆ ಕುಳಿತು, ಒಳ್ಳೆಯ ತೆನೆಗಳನ್ನೇ ಆರಿಸಿ ಒಂದು ಕಟ್ಟು ಕಟ್ಟಿದ. ಜೇಬಿನಿಂದ ಬಿಳಿ ರಿಬ್ಬನ್ ತೆಗೆದು ಸುತ್ತಿದ, ಗಂಟು ಸರಿಯಾಗದೆ ಬಿಚ್ಚಿ ಮತ್ತೆ ಸುತ್ತಿದ. ಎದ್ದು, ಎರಡೂ ಕೈಯಲ್ಲಿ ಹಿಡಿದು ಕಾನ್ಸೆಪ್ಟಾಳ ಮುಂದೆ ಚಾಚಿದ.

“ನಾಳೆ ಏಳು ಗಂಟೆಗೆ ಶಿಲುಬೆಯ ಹತ್ತಿರ ಬನ್ನಿ ಕಾನ್ಸೆಪ್ಟಾಬಾಯ್. ಮೂರ್ತಿಯ ಹಿಂದೆಯೇ ನೀವು. ಈ ಕಟ್ಟು ನಿಮ್ಮದು. ಬಹಳ ವರ್ಷ ತಡವಾಯಿತು, ಅದಕ್ಕೆ ನಾನೇ ಕ್ಷಮೆ ಕೇಳುತ್ತೇನೆ.”

“ಬೇಡ ಗುರ್ಕಾರರೇ,” ಎಂದಳು ಕಾನ್ಸೆಪ್ಟಾ. “ತೆನೆ ಊರಿನವರದ್ದು, ಒಯ್ಯಿರಿ. ಈ ಕಟ್ಟು ನಾನು ಹಿಡಿಯುವುದಿಲ್ಲ.”

ರೊಸಾರಿಯೊನ ಕೈ ಹಾಗೆಯೇ ಇತ್ತು. “ಕಾಲು ನೋವಾ? ನಿಧಾನ ನಡೆಯುವ ಬೇಕಾದರೆ.”

“ಕಾಲಿಗೆ ಎಂತದೂ ಇಲ್ಲ.”

ಲಿಯೋನೆಲ್ ಮುಂದೆ ಬಂದ. ಗುರ್ಕಾರನ ಕೈಯಿಂದ ಕಟ್ಟನ್ನು ತೆಗೆದುಕೊಂಡು ತಾನೇ ಅವಳ ಕಡೆಗೆ ಹಿಡಿದ. “ಮಾಂಯ್, ತೆಗೆದುಕೊಳ್ಳಿ. ದಯವಿಟ್ಟು.”

ಅವಳು ತೆನೆಯನ್ನು ನೋಡಿದಳು, ನಂತರ ಅವನನ್ನು. ಕೈಗಳೆರಡೂ ಸೆರಗಿನೊಳಗೇ ಇದ್ದವು.

“ಹಿಡಿಯುವುದಿಲ್ಲ ಅಂದೆ,” ಎಂದಳು.